ಬೆಟ್ಟದ ಮೇಲಿನ ಆಟ

ಇಥಿಯೋಪಿಯ ಸಾಮ್ರಾಜ್ಯದಲ್ಲಿ ಒಬ್ಬ ಸಿಂಹಾಸನ ಏರಿದರೆ, ಅವನ ತಮ್ಮಂದಿರು ಬೆಟ್ಟದ ಸೆರೆಮನೆ ಏರಬೇಕಾಗಿದ್ದ ಕಾಲ. ರಾಜಕುಮಾರ ಅಲ್ಲಿಗೆ ಬಂದಾಗ ಐದು ವರ್ಷದವನು, ಈಗ ಮೂವತ್ತು. ಅವನ ಮುಖ ಬಲ್ಲವನು ಕಾವಲುಗಾರನೊಬ್ಬನೇ. ಬೇಸರ ಕಳೆಯಲು ಇಬ್ಬರೂ ಬಟ್ಟೆ ಬದಲಿಸಿಕೊಂಡು, ಒಬ್ಬರ ದನಿಯನ್ನು ಇನ್ನೊಬ್ಬರು ಅಣಕಿಸಿ ನಗುತ್ತಿದ್ದರು.

ಅಂದು ಕಿಟಕಿಯಿಂದ ಇಣುಕಿದರೆ ಸೈನಿಕರು ಬೆಟ್ಟ ಹತ್ತಿ ಬರುತ್ತಿದ್ದಾರೆ! ಅಣ್ಣ ತನ್ನ ತಲೆ ತೆಗೆಸಲು ಕಳಿಸಿದ್ದಾನೆಂದು ರಾಜಕುಮಾರನ ಎದೆ ಧಸಕ್ಕೆಂದಿತು.

"ಬಾರಯ್ಯ, ಒಂದಾಟ ಆಡೋಣ. ನೀನು ನಾನಾಗು," ಎಂದು ತನ್ನ ಜರಿಯ ನಿಲುವಂಗಿಯನ್ನು ಕಾವಲುಗಾರನಿಗೆ ತೊಡಿಸಿ, ಅವನ ಈಟಿಯನ್ನು ತಾನು ಹಿಡಿದ.

"ಕೈ ಯಾಕೆ ನಡುಗ್ತಿದೆ ಬುದ್ಧಿ?"

"ಚಳಿ ಕಣಯ್ಯ."

ಬಾಗಿಲು ದಡಾರನೆ ತೆರೆಯಿತು. ಒಳಗೆ ಬಂದ ದಳಪತಿ ನೇರವಾಗಿ ನಿಲುವಂಗಿಯವನ ಮುಂದೆ ಮಂಡಿಯೂರಿದ.

"ನಿಮ್ಮಣ್ಣನವರು ಮಕ್ಕಳಿಲ್ಲದೆ ತೀರಿಕೊಂಡರು, ಪ್ರಭು. ಇನ್ನು ನೀವೇ ನಮ್ಮ ಚಕ್ರವರ್ತಿ."

"ಅಯ್ಯೋ, ಅವನಲ್ಲ! ರಾಜಕುಮಾರ ನಾನು, ನಾನು!" ಈಟಿ ಬಿಸಾಕಿ ರಾಜಕುಮಾರ ಕಿರುಚಿದ.

ಕಾವಲುಗಾರ ಆ ನಡುಗುವ ಕೈಗಳನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಥೇಟ್ ರಾಜಕುಮಾರನ ದನಿಯಲ್ಲೇ ಹೇಳಿದ:

"ನನ್ನನ್ನು ಎಷ್ಟು ಚೆನ್ನಾಗಿ ಅಣಕಿಸ್ತಾನೆ ನೋಡಿದಿರಾ? ಇವನು ಮಾತ್ರ ಈ ಬೆಟ್ಟ ಇಳಿಯಕೂಡದು."