ಎರಡನೇ ಜಾಯ್‌ಸ್ಟಿಕ್

"ಹೊಸದು ಬಂದ ಕೂಡಲೇ ಹಳೇದರ ಬೆಲೆ ಇಳಿಯುತ್ತೆ ಕಣೇ. ಆಗ ತರ್ತೀನಿ. ಇಬ್ರೂ ಕೂತು ಆಡೋಣ," ಎಂದು ತಾಯಿ ಸುನಿಲ್ದಾ ಮಾತು ಕೊಟ್ಟಾಗ ಮಗಳು ಯಾನಿನಾಗೆ ಒಂಬತ್ತು ವರ್ಷ. ಹಟ ಮಾಡುವ ಮಗುವಿನ ಬಾಯಿ ಮುಚ್ಚಿಸಲು ಆಡಿದ ಮಾತಲ್ಲ ಅದು. ಬ್ರೆಜಿಲ್ ಗಡಿಗೆ ಅಂಟಿದ ಊರು ಸಿಯುದಾದ್ ದೆಲ್ ಎಸ್ತೆಯ ಆ ಅಂಗಡಿ ಸಾಲಿನಲ್ಲಿ ವಿಡಿಯೋ ಗೇಮ್ ಪೆಟ್ಟಿಗೆ ಮಾರುವ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಅಲ್ಲಿಯವರೆಗೆ ಬಂದ ಪೆಟ್ಟಿಗೆಗಳೆಲ್ಲ ಹಾಗೇ ಇಳಿದಿದ್ದವು.

ಇದು ಮಾತ್ರ ಇಳಿಯಲಿಲ್ಲ. ಪಕ್ಕಕ್ಕೆ ಹೊಸದು ಬಂದು ಕೂತರೂ ಜಗ್ಗದೆ, ಮೇಲಕ್ಕೇ ಹತ್ತಿತು. ಚಿಪ್ ತುಟ್ಟಿಯಾಯಿತು ಎಂದರು, ಹಡಗಿನ ಬಾಡಿಗೆ ಎಂದರು, ಡಾಲರ್ ಎಂದರು. ಹಳೆಯ ಬೆಲೆಚೀಟಿಯನ್ನು ಉಗುರಿನಿಂದ ಕೆರೆದು ಹೊಸದು ಅಂಟಿಸುವ ಕೆಲಸ, ಅಂಗಡಿಯೊಂದರಲ್ಲಿ ಮಾರಾಟಕ್ಕಿದ್ದ ಸುನಿಲ್ದಾಳದೇ. ಹಾಗೆ ಕೆರೆಯುತ್ತ ಕೆರೆಯುತ್ತಲೇ ಯಾನಿನಾಗೆ ಹದಿನೇಳಾಯಿತು. ರಾಜಧಾನಿ ಅಸುನ್ಸಿಯೋನ್‌ನಲ್ಲಿ ಸೋದರತ್ತೆಯ ಮನೆ ಸೇರಿ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದಳು.

"ಸುನಿಲ್ದಾ, ನಾಳೆಯಿಂದ ಮತ್ತೆ ಐವತ್ತು ಡಾಲರ್ ಜಾಸ್ತಿ. ಚೀಟಿ ಬದಲಾಯಿಸಿಬಿಡು," ಎಂದರು ಅಂಗಡಿಯ ಮಾಲೀಕರು ದೋನ್ ನಜೀಬ್, ತಣ್ಣನೆಯ ತೆರೆರೆ ಚಹಾ ಹೀರುತ್ತ.

ಸುನಿಲ್ದಾ ಚೀಟಿಯನ್ನು ಕೆಳಗಿಟ್ಟಳು. "ಇವತ್ತಿನ ಬೆಲೆಗೇ ನಂಗೊಂದು ಕೊಡಿ, ದೋನ್ ನಜೀಬ್."

"ನಿಂಗಾ? ಇಷ್ಟು ವರ್ಷ ಮಿಠಾಯಿ ಮಾರಿದೋಳಿಗೆ ಈಗ ಬಾಯಲ್ಲಿ ನೀರು ಬಂತಾ?"

"ಎಷ್ಟು ಬಿಡ್ತೀರಿ ಹೇಳಿ."

"ಏನಂತ ಬಿಡ್ಲಿ? ಪೆಟ್ಟಿಗೇಲಿ ನಂಗೆ ಗಿಟ್ಟೋದು ಮಣ್ಣು. ಅದನ್ನ ಮಾಡೋ ಕಂಪನಿಯೋನೇ ಮೊದಮೊದಲು ಕೈಯಿಂದ ಹಾಕ್ಕೊಂಡು ಮಾರ್ತಾನಂತೆ, ಆಮೇಲೆ ಆಟಗಳಲ್ಲಿ ವಸೂಲಿ. ನಮ್ಮ ಅನ್ನ ಏನಿದ್ರೂ ಎರಡನೇ ಜಾಯ್‌ಸ್ಟಿಕ್‌ನಲ್ಲಿ. ನೀನೇ ಕಲಿಸಿದ ವಿದ್ಯೆ ಅಲ್ವಾ ತಾಯಿ!"

ನಿಜ. ಪೆಟ್ಟಿಗೆಯೊಳಗೆ ಇರುವುದು ಒಂದೇ ಜಾಯ್‌ಸ್ಟಿಕ್. ಸೇತುವೆ ದಾಟಿ ಬಂದ ಬ್ರೆಜಿಲ್‌ನವರು ಹಣ ಕೊಟ್ಟು ಇನ್ನೇನು ಹೊರಡಬೇಕು ಎನ್ನುವಾಗ ಸುನಿಲ್ದಾ ಮೆಲ್ಲಗೆ ಕೇಳುತ್ತಿದ್ದಳು: "ಒಬ್ರೇ ಆಡ್ತೀರಾ?" ಅಷ್ಟೇ. ಹೌದು ಎಂದು ಬಾಯಿಬಿಟ್ಟು ಹೇಳಿದವರನ್ನು ಅವಳು ಕಂಡಿರಲಿಲ್ಲ. ಗಿರಾಕಿ ಒಮ್ಮೆ ನೆಲ ನೋಡುತ್ತಿದ್ದ, ಆಮೇಲೆ ಪರ್ಸನ್ನು ಮತ್ತೆ ಹೊರಗೆ ತೆಗೆಯುತ್ತಿದ್ದ. ಈಗ ಅಂಗಡಿಯಲ್ಲಿ ಎಲ್ಲರ ನಾಲಿಗೆಯ ಮೇಲೂ ಅದೇ ಪ್ರಶ್ನೆ.

ದೋನ್ ನಜೀಬ್ ಪೆಟ್ಟಿಗೆ ಕಟ್ಟುವಷ್ಟರಲ್ಲಿ ಅವಳು ಮಗಳಿಗೆ ಫೋನ್ ಮಾಡಿದಳು.

"ಭಾನುವಾರ ಬಾರೇ. ಆ ಪೆಟ್ಟಿಗೆ ತಗೊಂಡೆ."

"ಯಾವ ಪೆಟ್ಟಿಗೆ?" ಅತ್ತ ಕೂದಲು ಒಣಗಿಸುವ ಯಂತ್ರದ ಸದ್ದು.

"ನೀನು ಕೇಳ್ತಿದ್ದೆಯಲ್ಲ. ಆಟದ್ದು."

"ಅಯ್ಯೋ ಅಮ್ಮಾ! ಅದಿನ್ನೂ ನಿನ್ನ ತಲೇಲಿದೆಯಾ?" ಯಾನಿನಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಭಾನುವಾರ ಆಗಲ್ಲಮ್ಮ. ಮದುವೆ ಹೆಣ್ಣು ಬರ್ತಾಳೆ, ಅವಳ ತಲೆ ಅಲಂಕಾರ ನಾನೇ ಮಾಡ್ಬೇಕು."

"ಅದರ ಮುಂದಿನ ಭಾನುವಾರ?"

"ನೋಡೋಣ... ಅಮ್ಮಾ, ಡಬ್ಬಿ ಒಡೀಬೇಡ ಮಾತ್ರ. ಬೆಲೆ ಏರ್ತಾನೇ ಇದೆ ಅಂತೀಯಲ್ಲ, ಹಾಗೇ ಇಟ್ಟು ಆಮೇಲೆ ಮಾರು. ನಾಲ್ಕು ಕಾಸು ಸಿಗುತ್ತೆ."

"ಅಂಗಡಿಯವಳ ಮಗಳು ಅಂದ್ರೆ ಹಿಂಗಿರ್ಬೇಕು," ಎಂದಳು ಸುನಿಲ್ದಾ. ಯಂತ್ರದ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ, ಫೋನ್ ನಿಂತಿತು.

ದೋನ್ ನಜೀಬ್ ಬೆನ್ನು ತಿರುಗಿಸಿ ಅಂಟುಪಟ್ಟಿ ಸುತ್ತುತ್ತಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ. ಪಟ್ಟಿಯ ತುದಿ ಕತ್ತರಿಸಿ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳುವಾಗ, ಎಲ್ಲ ಗಿರಾಕಿಗಳಿಗೂ ಹೇಳುವ ಅದೇ ರಾಗದಲ್ಲಿ ಅವರ ನಾಲಿಗೆ ತಾನಾಗಿಯೇ ಆಡಿಬಿಟ್ಟಿತು:

"ಒಬ್ರೇ ಆಡ್ತೀರಾ?"

ಸುನಿಲ್ದಾ ನೆಲ ನೋಡಿದಳು. ಆಮೇಲೆ ಪರ್ಸನ್ನು ಮತ್ತೆ ಹೊರಗೆ ತೆಗೆದಳು.

ಭಾನುವಾರ ಮಧ್ಯಾಹ್ನ ಅವಳು ಡಬ್ಬಿ ಒಡೆದಳು. ಒಂದು ಜಾಯ್‌ಸ್ಟಿಕ್ ಕೈಯಲ್ಲಿ, ಇನ್ನೊಂದು ಸೋಫಾದ ಆ ತುದಿಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಸಮೇತ. ಟೀವಿಯ ಮೇಲೆ ಅಕ್ಷರಗಳು ಮಿನುಗುತ್ತಲೇ ಇದ್ದವು: ಎರಡನೇ ಆಟಗಾರರು ಗುಂಡಿ ಒತ್ತಿ.

ತರುತ್ತೇನೆ ಎಂದಿದ್ದನ್ನು ತಂದಳು. ಇಬ್ಬರೂ ಕೂತು ಆಡೋಣ ಎಂದಿದ್ದು ಆಗಲಿಲ್ಲ.