ಮೇಜಿನಂಚಿನ ಗೆರೆ

ಬಟ್ಟೆ ಕತ್ತರಿಸುವ ಮೇಜಿನ ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎರಡಿದ್ದವು. ದರ್ಜಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎರಡೇ. ದಿನಾ ತಿಂಡಿಯಾದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಒಂದು ಗೆರೆ ಎಳೆಯುವುದು, ಸಂಜೆ ಅಂಗಡಿ ಮುಚ್ಚುವಾಗ ಅಳಿಸುವುದು ಅವನ ರೂಢಿ. ಹಾಗಾದರೆ ಇವತ್ತು ಎರಡು ಸಲ ನುಂಗಿಬಿಟ್ಟೆನೇ?

ಮಾತ್ರೆಯ ಸ್ಟ್ರಿಪ್ ತೆಗೆದು ನೋಡಿದ. ನಿನ್ನೆ ಎಷ್ಟು ಉಳಿದಿತ್ತೆಂಬುದೇ ನೆನಪಿಲ್ಲದವನಿಗೆ ಅದು ಏನು ಹೇಳೀತು? ಎರಡು ಮಾತ್ರೆ ಬಿದ್ದರೆ ಮೈಯಲ್ಲಿ ಸಕ್ಕರೆ ತೀರಾ ಇಳಿದುಬಿಡುತ್ತದೆಂದು ಡಾಕ್ಟರು ಹೇಳಿದ್ದರು. ಚಹಾಕ್ಕೆಂದು ಇಟ್ಟಿದ್ದ ಸಕ್ಕರೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಎರಡು ನುಂಗಿದ್ದರೆ ಇದೇ ಮದ್ದು, ಒಂದೇ ನುಂಗಿದ್ದರೆ ಇದೇ ವಿಷ. ತುಂಬಿದ ಚಮಚ ಬಾಯಿಯ ಹತ್ತಿರ ಬಂದು ಹಾಗೇ ನಿಂತಿತು.

ಎದುರಿಗೆ ಕುಳಿತು ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಅದನ್ನ ಕೆಳಗಿಡಿ. ಎಡಗಡೆ ಗೆರೆ ನಂದು."

"ನಿಂದಾ? ನಿನಗ್ಯಾಕೆ ಗೆರೆ?"

"ಡಾಕ್ಟ್ರು ನನಗೂ ಅದೇ ಮಾತ್ರೆ ಬರೆದು ಎಂಟು ತಿಂಗಳಾಯ್ತು. ಇದೇ ಮೇಜಿನ ಮೇಲೆ, ಇಸ್ತ್ರಿಗೆ ಹಾಸೋ ಬಟ್ಟೆ ಕೆಳಗೆ ಗೆರೆ ಎಳೀತಿದ್ದೆ. ಇವತ್ತು ಆ ಬಟ್ಟೆ ಒಗೆಯೋಕೆ ಹಾಕಿದೀನಿ, ಅದಕ್ಕೇ ನಿಮ್ಮ ಕಣ್ಣಿಗೆ ಬಿತ್ತು." ಹಲ್ಲಿನಿಂದ ದಾರ ಕಡಿದಳು. "ಒಂದು ಮಾತ್ರೆಗೇ ಇಷ್ಟು ಒದ್ದಾಡ್ತೀರಿ. ನಂದೂ ಯಾಕೆ ನಿಮ್ಮ ತಲೆಗೆ ಅಂತ ಸುಮ್ಮನಿದ್ದೆ."

ಅವನು ಚಮಚವನ್ನು ಡಬ್ಬಿಗೆ ಇಳಿಸಿದ. ಇಷ್ಟು ವರ್ಷ ದಿನಾ ಬೆಳಿಗ್ಗೆ ಅವಳು ತನ್ನನ್ನು ಕೇಳುತ್ತಿದ್ದ ಮಾತೇ ಅವನ ಬಾಯಿಂದ ಬಂತು.

"ತಿಂಡಿ ತಿಂದೇ ನುಂಗಿದೆ ತಾನೇ?"