ಎಡಗಾಲಿಯ ಭಾರ

ಭಾರ ಜಗ್ಗುವ ಪಂದ್ಯದಲ್ಲಿ ಮಾಳಿಂಗನ ಟ್ರ್ಯಾಕ್ಟರ್ ಮೂವತ್ತು ಫೂಟಿಗೇ ಕೈಚೆಲ್ಲಿತು. ಹಿಂದೆ ಮಣ್ಣು ತುಂಬಿದ ಎರಡು ಟ್ರಾಲಿ. ಎಂಜಿನ್ನು ಹೊಗೆ ಕಾರಿ ಅಬ್ಬರಿಸಿದ್ದೇ ಬಂತು, ಹಿಂದಿನ ಎಡಗಾಲಿ ಇದ್ದಲ್ಲೇ ಗರಗರ ತಿರುಗಿ ಕರಜಗಿಯ ಕರಿಮಣ್ಣಿನಲ್ಲಿ ಮೊಳದಾಳದ ಗುಂಡಿ ತೋಡಿತು. ಬಲಗಾಲಿ ಮಾತ್ರ ತನಗೂ ಈ ಜಗ್ಗಾಟಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿತ್ತು. ಇಜೇರಿಯಿಂದ ಬಂದ ಜಗದೇವ ಅವೇ ಟ್ರಾಲಿಗಳನ್ನು ನೂರಾ ಎಂಬತ್ತು ಫೂಟು ಎಳೆದು, ಆಗಲೇ ಹಾರಕ್ಕೆ ಕುತ್ತಿಗೆ ಸವರಿಕೊಳ್ಳುತ್ತಿದ್ದ. "ನಮ್ಮೂರ ಹೊಲದಾಗ ಹೊರಗಿನವ್ರಿಗೆ ಗೆಲ್ಲಾಕ ಬಿಡ್ತೇನಂದ್ರಿ?" ಎಂದು ಬೆಳಿಗ್ಗೆಯಿಂದ ಮೀಸೆ ತಿರುವಿದ್ದ ಮಾಳಿಂಗನಿಗೆ ಉಳಿದದ್ದು ಇನ್ನೊಂದೇ ಸರದಿ.

ಡ್ರೈವರ್ ಅಲ್ಲದೆ ಎರಡು ಮಡ್‌ಗಾರ್ಡಿನ ಮೇಲೆ ಒಬ್ಬೊಬ್ಬರು ಕೂರಬಹುದೆಂಬುದು ಜಗ್ಗಾಟದ ನಿಯಮ. ಮೇಲೆ ಭಾರ ಬಿದ್ದರೆ ಗಾಲಿ ನೆಲ ಹಿಡಿಯುತ್ತದೆ. ಬಲಕ್ಕೆ ಕುಳಿತಿದ್ದವನು ಗೆಳೆಯ ಇಸ್ಮಾಯಿಲ, ನೂರಾ ಹತ್ತು ಕಿಲೋದ ಆಸಾಮಿ. ಎಡಕ್ಕೆ ಕುಳಿತಿದ್ದವನು ಮಾಳಿಂಗನ ಹೆಂಡತಿಯ ತಮ್ಮ, ಜೋರು ಗಾಳಿ ಬಂದರೆ ಯಾರಾದರೂ ಹಿಡಿದುಕೊಳ್ಳಬೇಕಾದ ಪೈಕಿ.

"ಜೋರೆಲ್ಲಾ ಹಗುರ ಗಾಲಿಗೇ ಹೋಗಾಕತ್ತದ ಭಾಯ್," ಇಸ್ಮಾಯಿಲ ಗುಂಡಿಯಲ್ಲಿ ಕಾಲಿಟ್ಟು ನೋಡಿ ಹೇಳಿದ. "ಎಡಕ್ಕೂ ನನ್ನಂಥಾವ ಒಬ್ಬ ಬೇಕು."

"ನಿನ್ನಂಥಾವ ತಾಲೂಕಿಗೇ ಒಬ್ಬ. ಇನ್ನೊಬ್ಬನ್ನ ಎಲ್ಲಿಂದ ತರ್ಲಿ?"

ಇಸ್ಮಾಯಿಲ ಮಾಳಿಂಗನ ಹೊಟ್ಟೆಯ ಮೇಲೆ ಕಣ್ಣಾಡಿಸಿದ. "ನೀ ಏನ್ ಕಮ್ಮಿ ಅದೀ?"

"ನಾ ಅಲ್ಲಿ ಕುಂತ್ರ ಗಾಡಿ ಹೊಡಿಯೋರು ಯಾರು?"

ಕೇಳಿದ ಪ್ರಶ್ನೆಗೆ ಉತ್ತರ ಮಾಳಿಂಗನಿಗೇ ಗೊತ್ತಿತ್ತು. ಆ ಹಳೇ ಗಾಡಿಯ ಕ್ಲಚ್ಚು ಪೂರ್ತಿ ಬಿಟ್ಟೆ ಅನ್ನುವಷ್ಟರಲ್ಲಿ ತಟಕ್ಕನೆ ಹಿಡಿಯುತ್ತದೆ, ಗೊತ್ತಿಲ್ಲದವರು ಕುಳಿತರೆ ಎಂಜಿನ್ನೇ ಬಂದ್ ಆಗುತ್ತದೆ. ಅದರ ಮರ್ಮ ಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಇನ್ನೊಬ್ಬ ಅಲ್ಲೇ ಬೇವಿನ ಮರದ ಕೆಳಗೆ ಜನರ ನಡುವೆ ನಿಂತಿದ್ದ. ಒಣಕಲು ಮೈಯ ಅಣ್ಣ ಖಂಡಪ್ಪ. ಅಣ್ಣತಮ್ಮಂದಿರಿಗೆ ಏಳು ವರ್ಷದಿಂದ ಮಾತಿರಲಿಲ್ಲ.

ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು ಎಂಬುದು ಮನೆತನದ ಕಟ್ಟಳೆ. ಪಾಲಾದ ದಿನ ಖಂಡಪ್ಪ ಒಂದು ಕಡೆ ಬಾವಿ ಹೊಲ ಇಟ್ಟ, ಇನ್ನೊಂದು ಕಡೆ ಒಣ ಹೊಲ ಮತ್ತು ಟ್ರ್ಯಾಕ್ಟರ್. ನೀರಿರುವ ಹೊಲ ಬಿಡುವ ಹುಚ್ಚ ಯಾರಿದ್ದಾನೆ, ತಾನು ಜೀವದಂತೆ ನೋಡಿಕೊಂಡ ಗಾಡಿ ತನಗೇ ಉಳಿಯುತ್ತದೆ ಎಂಬುದು ಅವನ ಎಣಿಕೆ. ಆರಿಸು ಎಂದು ಬಾಯಲ್ಲಿ ಹೇಳಿ ಅಣ್ಣ ಮೊದಲೇ ಆರಿಸಿಕೊಂಡಿದ್ದಾನೆಂದು ಮಾಳಿಂಗನಿಗೆ ಹೊಳೆಯಿತು. ಹೊಳೆದದ್ದಕ್ಕೇ ಟ್ರ್ಯಾಕ್ಟರಿನ ಕಡೆ ಬೆರಳು ತೋರಿಸಿದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಬಾವಿ ಹೊಲದ ನೀರು ನೋಡಿ ತಮ್ಮ ಹೊಟ್ಟೆ ಉರಿದುಕೊಂಡ, ಟ್ರ್ಯಾಕ್ಟರಿನ ಸದ್ದು ಕೇಳಿದಾಗಲೆಲ್ಲ ಅಣ್ಣ ಮುಖ ತಿರುಗಿಸಿಕೊಂಡ.

ಮಾಳಿಂಗ ಬೇವಿನ ಮರದವರೆಗೆ ನಡೆದು ಹೋದ. ಖಂಡಪ್ಪ ಅವನ ಮುಖ ನೋಡಲಿಲ್ಲ, ಟ್ರ್ಯಾಕ್ಟರನ್ನೇ ನೋಡುತ್ತಿದ್ದ.

"ಗಾಲಿಗೆ ಗಾಳಿ ಎಷ್ಟ ಹಾಕೀದಿ?"

"ಕಬ್ಬು ಹೇರಿದಾಗ ರೋಡಿಗೆ ಹಾಕಿದ್ದೇ ಅದ."

"ಬುದ್ಧಿಗೇಡಿ. ಹೊಲದಾಗ ಅಷ್ಟ ಗಟ್ಟಿ ಗಾಲಿ ನೆಲ ಹಿಡೀತದೇನು? ಅರ್ಧ ಬಿಡು."

"ಬಿಡ್ತೇನಿ," ಎಂದ ಮಾಳಿಂಗ. "ಅಣ್ಣಾ, ನೀ ಹೊಡಿ. ನಾ ಎಡಕ್ಕ ಕುಂಡ್ರತೇನಿ."

ಸುತ್ತಲಿನವರು ಬೀಡಿ ಸೇದುವುದನ್ನೂ ಮರೆತರು.

"ಪಾಲಾದಾಗಿಂದ ನಾ ಅದನ್ನ ಮುಟ್ಟಿಲ್ಲ," ಎಂದ ಖಂಡಪ್ಪ.

"ಮುಟ್ಟಾಕ ನಾ ಎಲ್ಲಿ ಬಿಟ್ಟೇನಿ?" ಎಂದ ಮಾಳಿಂಗ. ಹೇಳಿಬಿಟ್ಟ ಮೇಲೆ ಅವನಿಗೆ ನಾಚಿಕೆಯಾಯಿತು, ಎದೆಯೂ ಸ್ವಲ್ಪ ಹಗುರಾಯಿತು.

ಗಾಲಿಯ ಗಾಳಿ ಅರ್ಧಕ್ಕೆ ಇಳಿಯಿತು, ಟೈರಿನ ಹೊಟ್ಟೆ ನೆಲಕ್ಕೆ ಅಗಲವಾಗಿ ಊರಿತು. ಬಲಕ್ಕೆ ಇಸ್ಮಾಯಿಲ, ಎಡಕ್ಕೆ ಮಾಳಿಂಗ. ಖಂಡಪ್ಪ ಚಪ್ಪಲಿ ಕಳಚಿಟ್ಟು ಹತ್ತಿದ, ಸೀಟಿನ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ಒರೆಸಿ ಕುಳಿತ. ಬರಿಗಾಲಿನಿಂದ ಕ್ಲಚ್ಚನ್ನು ಎಷ್ಟು ನಿಧಾನವಾಗಿ ಬಿಟ್ಟನೆಂದರೆ ಗಾಡಿ ಹೊರಟದ್ದೇ ಮಾಳಿಂಗನಿಗೆ ತಿಳಿಯಲಿಲ್ಲ. ಎರಡೂ ಗಾಲಿ ಕೂಡಿ ಮಣ್ಣು ಕಚ್ಚಿದವು. ಮೂವತ್ತು ಫೂಟಿನ ಗುಂಡಿ ಪಕ್ಕಕ್ಕೆ ಸರಿಯಿತು, ನೂರು ದಾಟಿತು, ಜಗದೇವನ ಸುಣ್ಣದ ಗೆರೆಯೂ ಹಿಂದೆ ಬಿತ್ತು. ಪಂದ್ಯದ ಕೊನೆಯ ಗುರುತಾದ ಇನ್ನೂರರ ಕೆಂಪು ಬಾವುಟದ ಹತ್ತಿರ ತೀರ್ಪಿನ ಪಂಚರು ಸೀಟಿ ಊದಿ ಕೈ ಎತ್ತಿದರು. ಹಲಗೆಯವರು ಬಾರಿಸತೊಡಗಿದರು.

ಖಂಡಪ್ಪ ನಿಲ್ಲಿಸಲಿಲ್ಲ. ಸೀಟಿ ಕೇಳಿಸಿತೋ ಇಲ್ಲವೋ, ತುಟಿ ಬಿಗಿಹಿಡಿದು ಮುಂದೆ ನೋಡುತ್ತ ಹೊಡೆಯುತ್ತಲೇ ಇದ್ದ. ಅವನ ಕಣ್ಣು ತುಂಬಿದ್ದನ್ನು ಮಾಳಿಂಗ ಕಂಡ. ಟ್ರಾಲಿಗಳ ಸಮೇತ ಗಾಡಿ ಬದು ಹತ್ತಿಳಿದು ಹೊಳೆಯ ಹಾದಿ ಹಿಡಿಯಿತು.

"ಅರೇ, ಗೆದ್ದಾತಲ್ಲ! ಎತ್ತಾಗ ಹೊಂಟ್ರಿ?" ಇಸ್ಮಾಯಿಲ ಆಚೆಯಿಂದ ಕೂಗಿಕೊಂಡ. "ನಿಲ್ಲಸಂತ ಹೇಳ್ ಮಾಳ್ಯಾ!"

"ಸುಮ್ನ ಕುಂಡ್ರೋ," ಎಂದ ಮಾಳಿಂಗ, ಮಡ್‌ಗಾರ್ಡಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು. "ಅಣ್ಣಗ ಸಾಕಾಗೋ ತನಕ ಹೊಡೀಲಿ."